ಮನೆಯಲ್ಲಿ ಯಾರೂ ಇಲ್ಲ

‘ಒಂದು ಮನೆಗೆ ಒಂದೇ ಉದ್ಯೋಗ’ ಎಂದು ಬರೆದರೆ ಸಾಕೇ, ಅಥವಾ ಆ ಒಂದು ಉದ್ಯೋಗ ಯಾರದು ಎಂದೂ ಬರೆಯಬೇಕೇ? ಬರೆಯದಿದ್ದರೆ ಓದುವವರಿಗೆ ಅರ್ಥವಾಗುವುದಿಲ್ಲವೇ? ಆಗುತ್ತದೆ. ಬರೆಯದೆ ಬಿಟ್ಟದ್ದೇ ಎಲ್ಲರಿಗೂ ಬೇಗ ಅರ್ಥವಾಗುತ್ತದೆ. ಹಾಗಿದ್ದರೆ ತನ್ನ ಪೆನ್ನು ಯಾಕೆ ನಿಂತಿದೆ?

ರಘುಪತಿ ಹಾಳೆಯ ಮೇಲಿನ ಮೂರು ಅಂಶಗಳನ್ನು ಮತ್ತೆ ಓದಿದ. ಶಾಲೆಗಳಲ್ಲಿ ನೀತಿಪಾಠ ಕಡ್ಡಾಯವಾಗಬೇಕು. ಹೊಸ ಸಾರಾಯಿ ಅಂಗಡಿಗಳಿಗೆ ಪರವಾನಗಿ ಕೊಡಬಾರದು. ಹುಡುಗಿಯರಿಗೆ ಪ್ರತ್ಯೇಕ ಕಾಲೇಜುಗಳು ಬೇಕು. ಈ ಮೂರನ್ನೂ ಅವನು ತಡವರಿಸದೆ ಬರೆದಿದ್ದ. ನಾಲ್ಕನೆಯದಕ್ಕೆ ಸಂಖ್ಯೆ ಮಾತ್ರ ಹಾಕಿ ಕುಳಿತಿದ್ದ.

ಚುನಾವಣೆಗೆ ಹಂಚುವ ಆ ಮನವಿ ಅವನದಲ್ಲ. ಆರು ವರ್ಷಗಳ ಹಿಂದೆ ಪದವೀಧರರ ಕ್ಷೇತ್ರದಿಂದ ವಿಧಾನ ಪರಿಷತ್ತಿಗೆ ಹೋಗಿದ್ದ ವಿಷ್ಣುಮೂರ್ತಿ ರಾಯರು ಮತ್ತೊಮ್ಮೆ ಸ್ಪರ್ಧಿಸುತ್ತಿದ್ದರು. ರಾಯರು ಹೈಸ್ಕೂಲಿನಲ್ಲಿ ರಘುಪತಿಗೆ ಕನ್ನಡ ಕಲಿಸಿದವರು. ಅವನಿಗೆ ಉಡುಪಿಯಲ್ಲಿ ಉಪನ್ಯಾಸಕನ ಕೆಲಸ ಸಿಕ್ಕಿದ್ದೂ ಅವರ ಒಂದು ಮಾತಿನಿಂದ. ಪದವಿ ಪಡೆದು, ಫಾರ್ಮು ತುಂಬಿ, ಪಟ್ಟಿಯಲ್ಲಿ ಹೆಸರು ಸೇರಿಸಿಕೊಂಡವರಿಗೆ ಮಾತ್ರ ಆ ಚುನಾವಣೆಯಲ್ಲಿ ಮತ. ಕಳೆದ ಸೆಪ್ಟೆಂಬರಿನಲ್ಲಿ ರಘುಪತಿ ಮನೆಮನೆಗೆ ಹೋಗಿ ನೂರ ನಲವತ್ತು ಜನರ ಫಾರ್ಮು ತುಂಬಿಸಿದ್ದ. ಬಿ.ಎ., ಬಿ.ಎಡ್. ಮುಗಿಸಿದ್ದ ಅವನ ಹೆಂಡತಿ ಮನೋರಮಾಳ ಫಾರ್ಮು ಅವುಗಳಲ್ಲಿ ಇರಲಿಲ್ಲ. ಪಟ್ಟಿ ಅಚ್ಚಾಗಿ ಬಂದ ದಿನ ಅವಳು ಬೆರಳಿಟ್ಟು ಹುಡುಕಿ, “ನನ್ನದೆಲ್ಲಿ?” ಎಂದಿದ್ದಳು.

“ಮರೆತೇಹೋಯಿತು ಮಾರಾಯ್ತಿ,” ಎಂದಿದ್ದ ರಘುಪತಿ.

ಈಗ ಅವಳು ಚಹಾದ ಲೋಟ ಹಿಡಿದು ಬಂದು ಮೇಜಿನ ಬಳಿ ನಿಂತಳು. ಆದಿ ಉಡುಪಿಯ ಹೈಸ್ಕೂಲೊಂದರಿಂದ ಅವಳಿಗೆ ನೇಮಕದ ಆರ್ಡರು ಬಂದು ಎರಡು ದಿನವಾಗಿತ್ತು.

“ಹದಿನೆಂಟರ ಒಳಗೆ ಸೇರಬೇಕಂತೆ.”

“ಮತದಾನ ಇಪ್ಪತ್ತೆಂಟಕ್ಕೆ. ಅದು ಕಳೆದ ಮೇಲೆ ಸೇರಲಿಕ್ಕೆ ಆಗ್ತದಾ ಅಂತ ಕೇಳಿ ನೋಡು.”

“ಕೇಳಿದೆ. ಆಗುವುದಿಲ್ಲವಂತೆ. ನಾನು ಬಿಟ್ಟರೆ ನನ್ನ ಹಿಂದೆ ಹನ್ನೊಂದು ಜನ ಕಾಯ್ತಾ ಇದ್ದಾರಂತೆ.” ಅವಳು ಹಾಳೆಯತ್ತ ಬಗ್ಗಿದಳು. “ನಾಲ್ಕನೆಯದು ಎಂತ?”

“ಇನ್ನೂ ಬರೆದಿಲ್ಲ.”

“ಬರೆಯಲಿಕ್ಕೆ ನಿಮಗೆ ಕಷ್ಟ ಆದದ್ದನ್ನು ನಾನು ಇವತ್ತೇ ನೋಡಿದ್ದು,” ಎಂದು ಲೋಟ ಇಟ್ಟು ಒಳಗೆ ಹೋದಳು.

ಭಾನುವಾರ ರಾಯರ ಕಾರಿನಲ್ಲಿ ಪ್ರಚಾರ. ಬೆಳಿಗ್ಗೆ ಕಾಪು, ಮಧ್ಯಾಹ್ನ ಕಲ್ಯಾಣಪುರ, ಆಮೇಲೆ ಕೆಮ್ಮಣ್ಣು. ರಘುಪತಿಯ ತೊಡೆಯ ಮೇಲೆ ಮತದಾರರ ಪಟ್ಟಿ. ಮನೆಯ ಮುಂದೆ ಕಾರು ನಿಂತರೆ ಹೆಂಗಸೊಬ್ಬಳು ಬಾಗಿಲಿಗೆ ಬಂದು, “ಮನೆಯಲ್ಲಿ ಯಾರೂ ಇಲ್ಲ,” ಎನ್ನುವಳು. ಗಂಡಸರು ಇಲ್ಲ ಎಂಬುದನ್ನು ಈ ಕಡೆ ಹಾಗೆಯೇ ಹೇಳುವುದು. ಕೇಳಿದವರಿಗೂ ಹಾಗೆಯೇ ಅರ್ಥವಾಗುತ್ತದೆ. ರಾಯರು ತಮ್ಮ ಹೆಸರಿನ ಚೀಟಿಯನ್ನು ಅವಳ ಕೈಗೆ ಕೊಟ್ಟು ನಮಸ್ಕರಿಸುವರು. ರಘುಪತಿ ಪಟ್ಟಿಯ ಅಂಚಿನಲ್ಲಿ ‘ಯಾ. ಇ.’ ಎಂದು ಬರೆಯುವನು. ಕಲ್ಯಾಣಪುರ ದಾಟುವಾಗ ಅಂಥವು ಹದಿನೇಳು ಆಗಿದ್ದವು.

“ನಿನ್ನ ಹೆಂಡತಿಗೆ ಆರ್ಡರು ಬಂದಿದೆಯಂತೆ,” ಎಂದರು ರಾಯರು, ಕಿಟಕಿಯ ಹೊರಗೆ ನೋಡುತ್ತ.

“ಹೌದು ಸಾರ್.”

“ಸಂತೋಷ. ಹುಷಾರಿನ ಹುಡುಗಿ. ನಾನು ಎಂತದೂ ಹೇಳುವುದಿಲ್ಲ, ನಿನಗೆ ಗೊತ್ತುಂಟು. ಸಭೆಯಲ್ಲಿ ಯಾರಾದರೂ ಎದ್ದು, ನಿಮ್ಮ ಮನವಿ ಬರೆದವನ ಮನೆಗೇ ಎರಡು ಸಂಬಳ ಹೋಗ್ತದಲ್ಲ ಅಂತ ಕೇಳಿದರೆ ನಾನು ಎಂತ ಉತ್ತರ ಕೊಡಲಿ?”

ರಘುಪತಿ ಪಟ್ಟಿಯ ಪುಟ ತಿರುಗಿಸಿದ.

ಕೆಮ್ಮಣ್ಣಿನಲ್ಲಿ ತೆಂಗಿನ ತೋಟದ ನಡುವಿನ ಹೆಂಚಿನ ಮನೆ. ಪಟ್ಟಿಯಲ್ಲಿ ‘ಪಿ. ಡಿಸೋಜ, ಬಿ.ಎಸ್ಸಿ., ಬಿ.ಎಡ್.’ ಎಂದಿತ್ತು. ಮೂವತ್ತೈದರ ಆಸುಪಾಸಿನ ಹೆಂಗಸು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಹೊರಗೆ ಬಂದಳು.

“ಡಿಸೋಜರು ಇದ್ದಾರಾ?” ಎಂದರು ರಾಯರು.

“ಮನೆಯಲ್ಲಿ ಯಾರೂ ಇಲ್ಲ. ಅವರು ಬಹರೈನಿನಲ್ಲಿ.”

ರಘುಪತಿ ‘ಯಾ. ಇ.’ ಎಂದು ಬರೆದ. ರಾಯರು ಚೀಟಿ ಕೊಟ್ಟು, “ಮತದಾನದ ಹೊತ್ತಿಗೆ ಊರಿಗೆ ಬಂದರೆ ಕೊಡಿ, ಪಿ. ಡಿಸೋಜರಿಗೆ,” ಎಂದರು.

“ಯಾವ ಡಿಸೋಜ?”

“ಪಿ.”

ಅವಳು ಗಟ್ಟಿಯಾಗಿ ನಕ್ಕಳು. “ನಮ್ಮವರು ಕ್ಲಾರೆನ್ಸ್, ಸಿ. ಡಿಸೋಜ. ಅವರದ್ದು ಎಸ್ಸೆಸ್ಸೆಲ್ಸಿ ಸಾರ್, ಅವರಿಗೆಲ್ಲಿಯ ಓಟು! ಪಿ. ಅಂದರೆ ಪ್ಯಾಟ್ರಿಶಿಯಾ. ನಾನೇ. ಅಯ್ಯೋ ದೇವರೇ, ಮನೆಯಲ್ಲಿ ನಿಂತುಕೊಂಡು ನಾನೇ ಯಾರೂ ಇಲ್ಲ ಅಂದೆನಲ್ಲ!”

ರಾಯರೂ ನಕ್ಕರು. ಜಗಲಿಯ ಬೆಂಚಿನ ಮೇಲೆ ಕುಳಿತರು. ಅವಳು ಎಳನೀರು ತರಿಸಿದಳು. ಅವರು ಬೇರೆ ಎಂತದೂ ಮುಟ್ಟುವುದಿಲ್ಲ ಎಂಬುದು ಅವಳಿಗೆ ಹೇಳದೆಯೇ ತಿಳಿದಂತಿತ್ತು.

“ಪರಿಷತ್ತಿನಲ್ಲಿ ನೀವು ಮಾತಾಡಿದ್ದನ್ನು ಪೇಪರಿನಲ್ಲಿ ಓದಿದ್ದೇನೆ,” ಎಂದಳು. “ಒಂದು ಮನೆಗೆ ಒಂದೇ ಉದ್ಯೋಗ.”

“ಹೌದು ಟೀಚರೇ. ಹೇಳಿದ್ದೇನೆ, ಇನ್ನೂ ಹೇಳುತ್ತೇನೆ. ಕಾರ್ಕಳದಲ್ಲಿ ಒಬ್ಬ ಹುಡುಗ ಇದ್ದಾನೆ. ಎಂ.ಎ. ಆಗಿ ಐದು ವರ್ಷ ಆಯಿತು, ಹೋಟೆಲಿನಲ್ಲಿ ಬಿಲ್ಲು ಬರೆಯುತ್ತಾನೆ. ತಂದೆ ಇಲ್ಲ, ತಾಯಿಗೆ ಕಣ್ಣು ಕಾಣುವುದಿಲ್ಲ. ಅವನ ಬೀದಿಯಲ್ಲೇ ಗಂಡ ಹೆಂಡತಿ ಇಬ್ಬರಿಗೂ ಸರ್ಕಾರದ ಸಂಬಳ ಬರುವ ಮನೆ ಉಂಟು. ಇದು ನ್ಯಾಯವಾ? ನೀವೇ ಹೇಳಿ.”



“ನ್ಯಾಯ ಅಲ್ಲ ಸಾರ್. ಅವನಿಗೆ ಕೆಲಸ ಸಿಗಬೇಕು. ಆದರೆ ಅವನಿಗೆ ಕೊಡಲಿಕ್ಕೆ ಆ ಮನೆಯ ಹೆಂಡತಿಯದನ್ನೇ ಯಾಕೆ ತೆಗೆಯುವುದು? ಗಂಡ ಬಿಡಲಿ, ಹೆಂಡತಿ ಇರಲಿ ಅಂತ ನೀವು ಹೇಳಿದ್ದು ಪೇಪರಿನಲ್ಲಿ ಬರಲಿಲ್ಲ.”

“ಹಾಗೆ ನಾನು ಹೇಳಲಿಲ್ಲ.”

“ಅದೇ.” ಅವಳು ಮತ್ತೆ ನಕ್ಕಳು. “ಆ ಹುಡುಗನಿಗೆ ನಾಳೆ ಮದುವೆ ಆಗ್ತದೆ. ಅವನ ಹೆಂಡತಿಗೂ ಇದನ್ನೇ ಹೇಳ್ತೀರಿ ಅಲ್ವಾ? ನನ್ನ ಲೆಕ್ಕ ಮಾತ್ರ ಸರಿ ಉಂಟು. ಬಹರೈನಿನ ಮನೆಗೆ ಒಂದು, ಕೆಮ್ಮಣ್ಣಿನ ಮನೆಗೆ ಒಂದು.”

“ನಿಮ್ಮ ಮತ ನನಗಿಲ್ಲ ಅಂತ ಆಯಿತು,” ಎಂದು ರಾಯರು ಎದ್ದರು.

“ಸಾರಾಯಿ ಅಂಗಡಿ ವಿಷಯಕ್ಕೆ ನಿಮಗೇ ಹಾಕಬೇಕು ಅಂತ ಉಂಟು. ನೋಡುವ.”

ಕಾರು ಉಡುಪಿಯತ್ತ ಹಿಂತಿರುಗಿತು. ರಘುಪತಿ ಡಿಸೋಜರ ಹೆಸರಿನ ಮುಂದಿದ್ದ ‘ಯಾ. ಇ.’ಯನ್ನು ಹೊಡೆದುಹಾಕಿದ. ಉಳಿದ ಹದಿನೇಳು ಹೆಸರುಗಳನ್ನು ಒಂದೊಂದಾಗಿ ಓದಿದ. ಎಸ್., ಎಂ., ಬಿ. ಹೆಸರಿಗೆ ಮೊದಲು ಒಂದೊಂದೇ ಅಕ್ಷರ. ಬಾಗಿಲಲ್ಲಿ ನಿಂತವರಲ್ಲಿ ಎಷ್ಟು ಜನ ಆ ಅಕ್ಷರದವರೇ ಆಗಿದ್ದರೋ ತಿಳಿಯುವಂತಿರಲಿಲ್ಲ. ಯಾರ ಮುಖವೂ ಅವನಿಗೆ ನೆನಪಿಗೆ ಬರಲಿಲ್ಲ.

“ನಾಳೆ ಪ್ರೆಸ್ಸಿಗೆ ಕೊಡಬೇಕು,” ಎಂದರು ರಾಯರು. “ನಾಲ್ಕನೆಯದು ಬರೆದೆಯಾ?”

“ಆಗಲಿಲ್ಲ ಸಾರ್.”

“ಆಗಲಿಲ್ಲವೋ, ಆಗುವುದಿಲ್ಲವೋ?”

ತರಗತಿಯಲ್ಲಿ ವ್ಯಾಕರಣ ಕೇಳುತ್ತಿದ್ದ ಅದೇ ಧ್ವನಿ. ರಘುಪತಿ ಪಟ್ಟಿಯನ್ನು ಮಡಚಿ ಹೇಳಿದ:

“ಆಗುವುದಿಲ್ಲ ಸಾರ್.”

ರಾಯರು ಡ್ರೈವರಿಗೆ ಕಾರು ನಿಲ್ಲಿಸಲು ಹೇಳಿದರು. ರಘುಪತಿಯಿಂದ ಮನವಿಯ ಹಾಳೆಯನ್ನು ತೆಗೆದುಕೊಂಡು, ಮೊಣಕಾಲಿನ ಮೇಲಿಟ್ಟು, ನಾಲ್ಕನೆಯ ಅಂಶವನ್ನು ತಮ್ಮ ದುಂಡು ಅಕ್ಷರದಲ್ಲಿ ತಾವೇ ಬರೆದರು. ‘ಗಂಡ ಉದ್ಯೋಗದಲ್ಲಿದ್ದರೆ’ ಎಂಬುದನ್ನೂ ಬಿಡದೆ ಬರೆದರು. “ಕಾಗುಣಿತ ನೋಡು,” ಎಂದು ಹಿಂತಿರುಗಿಸಿದರು. ತಪ್ಪೇನೂ ಇರಲಿಲ್ಲ.

ಹದಿನೇಳರ ಸಂಜೆ ರಘುಪತಿ ಮನೋರಮಾಳ ಪ್ರಮಾಣಪತ್ರಗಳನ್ನು ಮಣಿಪಾಲಕ್ಕೆ ಒಯ್ದು ಝೆರಾಕ್ಸ್ ಮಾಡಿಸಿ, ದೃಢೀಕರಣದ ಸಹಿ ಹಾಕಿಸಿ ತಂದು ಮೇಜಿನ ಮೇಲಿಟ್ಟ. ಮರುದಿನ ಅವಳು ಅವನ್ನು ಚೀಲಕ್ಕೆ ಹಾಕಿಕೊಂಡು ಬಸ್ಸಿಗೆ ಹೋದಳು.

ಮರುವಾರ ಒಂದು ದಿನ ರಘುಪತಿಗೆ ಮಧ್ಯಾಹ್ನದ ನಂತರವೇ ಪಾಠವಿತ್ತು. ಒಲೆಯ ಮೇಲೆ ಸಾರು ಕುದಿಯುತ್ತಿತ್ತು. ಅಂಗಳದಲ್ಲಿ ಯಾರೋ ಕೂಗಿದರು. ಇನ್ನೊಬ್ಬ ಅಭ್ಯರ್ಥಿಯ ಕಡೆಯ, ಗುರುತಿಲ್ಲದ ಮನುಷ್ಯ.

“ಮನೆಯಲ್ಲಿ ಯಾರುಂಟು?”

“ಯಾರೂ ಇಲ್ಲ,” ಎಂದ ರಘುಪತಿ. “ಶಾಲೆಗೆ ಹೋಗಿದ್ದಾಳೆ.”

ಆ ಮನುಷ್ಯ ಅವನನ್ನೂ ಅವನ ಕೈಯಲ್ಲಿದ್ದ ಸೌಟನ್ನೂ ನೋಡಿದ. “ಮತ್ತೆ ನೀವು?”

“ನಾನಿದ್ದೇನೆ.”

“ಪದವೀಧರರು ಎಷ್ಟು ಜನ?”

“ಇಬ್ಬರು.”

“ಪಟ್ಟಿಯಲ್ಲಿ ಒಬ್ಬರೇ ಕಾಣುವುದಲ್ಲ ಮಾರಾಯ್ರೆ?”

“ಹೌದು. ಒಬ್ಬನೇ.”

ರಾಯರು ಗೆದ್ದರು, ಹಿಂದಿನ ಸಲಕ್ಕಿಂತ ಕಡಿಮೆ ಅಂತರದಲ್ಲಿ. ಸುದ್ದಿ ಬಂದ ಸಂಜೆ ಮನೋರಮಾ ಮಕ್ಕಳ ಉತ್ತರಪತ್ರಿಕೆಗಳನ್ನು ತಿದ್ದುತ್ತಿದ್ದಳು. ತಲೆ ಎತ್ತದೆ ಹೇಳಿದಳು:

“ಮುಂದಿನ ಸಲ ನನ್ನ ಫಾರ್ಮು ಮರೆಯಬೇಡಿ.”

“ಇಲ್ಲ,” ಎಂದ ರಘುಪತಿ.

ಸೆಪ್ಟೆಂಬರಿನಲ್ಲಿ ತಾನು ಮರೆತಿರಲಿಲ್ಲ, ಅವಳ ಮತ ರಾಯರಿಗೆ ಬೀಳುವುದಿಲ್ಲ ಎಂದು ತಿಳಿದೇ ಅವಳ ಫಾರ್ಮನ್ನು ಬಿಟ್ಟಿದ್ದೆ ಎಂಬುದನ್ನು ಅವನು ಅವಳಿಗೆ ಎಂದೂ ಹೇಳಲಿಲ್ಲ.