ಹೊರಟುಹೋದ ಮುನಿಗಂಗಪ್ಪ

ನಮ್ಮ ಸಾದಲಿಯಿಂದ ಕುವೈತಿಗೆ ಹೊರಟ ಮೊದಲನೆಯವನು ಮುನಿಗಂಗಪ್ಪ. ಎಂಬತ್ತೇಳನೇ ಇಸವಿಯಲ್ಲಿ ಹೊರಟವನು ನಮ್ಮ ಮನೆಯವರೆಗೆ ಬಂದ. ನಮ್ಮದು ಅವನ ಪಕ್ಕದ ಮನೆ.

ಗಾರೆ ಕೆಲಸಕ್ಕೆ ವೀಸಾ ಕೊಡಿಸುತ್ತೇನೆಂದ ಚಿಂತಾಮಣಿಯ ಏಜೆಂಟು ಪಾಸ್‌ಪೋರ್ಟಿಗೆ ಅರ್ಜಿ ಹಾಕಿಸಿ, "ಇನ್ನೇನು ಬಂದ್ಬಿಡ್ತದೆ" ಅಂದಿದ್ದ. ತಾಯಿ ಓಬಳಮ್ಮ ಪುರೋಹಿತರನ್ನು ಕೇಳಿದಳು. ಆ ಗುರುವಾರ ಬಿಟ್ಟರೆ ಒಳ್ಳೆಯ ಗಳಿಗೆ ಇಲ್ಲವಂತೆ. ಅಂಥ ಹೊತ್ತಿನಲ್ಲಿ ನಮ್ಮ ಕಡೆ ಪ್ರಸ್ಥಾನ ಇಡುತ್ತಾರೆ. ಗಂಟುಮೂಟೆ ಹೊತ್ತು ಬೇರೆಯವರ ಮನೆಯಲ್ಲಿಟ್ಟರೆ ಹೊರಟ ಲೆಕ್ಕ. ಆಮೇಲೆ ಪ್ರಯಾಣ ಮುಗಿಯುವವರೆಗೆ ಸ್ವಂತ ಹೊಸಿಲು ತುಳಿಯಬಾರದು. ಸಾಮಾನ್ಯವಾಗಿ ಇದು ಒಂದೆರಡು ರಾತ್ರಿಯ ಮಾತು. ಓಬಳಮ್ಮನ ಗಂಡ ಹೀಗೇ ತಿರುಪತಿಗೆ ಪ್ರಸ್ಥಾನ ಇಟ್ಟು, ಮರೆತ ಕಂಬಳಿಗೆಂದು ಮನೆಯೊಳಗೆ ಹೋಗಿ, ಕಂಬಳಿ ಹಿಡಿದುಕೊಂಡೇ ಸತ್ತಿದ್ದ. ಹಾಗಾಗಿ ಈ ವಿಷಯದಲ್ಲಿ ಯಾರೂ ಅವಳ ಜೊತೆ ವಾದ ಮಾಡುತ್ತಿರಲಿಲ್ಲ.

ಟ್ರಂಕು ನಮ್ಮ ಪಡಸಾಲೆಗೆ ಬಂತು, ಹಿಂದೆಯೇ ಮುನಿಗಂಗಪ್ಪ. ಅವನ ಹೆಂಡತಿ ವರಲಕ್ಷ್ಮಮ್ಮ ಗೋಡೆಯ ಮೇಲಿಂದ ಮುದ್ದೆ ಕೊಡುತ್ತಿದ್ದಳು. ಮಳೆಗಾಲ ಹೋಯಿತು, ದೀಪಾವಳಿ ಹೋಯಿತು. ಏಜೆಂಟು ಕೇಳಿದಾಗಲೆಲ್ಲ "ಪೆಂಡಿಂಗು" ಅನ್ನುತ್ತಿದ್ದ. ಅಷ್ಟರಲ್ಲಿ ಅವರ ಮನೆಯ ನಾಯಿ ಅವನನ್ನು ಕಂಡು ಬೊಗಳಲು ಶುರುಮಾಡಿತ್ತು. ಸಂಕ್ರಾಂತಿಯ ಹೊತ್ತಿಗೆ ನಮ್ಮ ಸಾರಿಸಿದ ಅಂಗಳದಲ್ಲಿ ಅವನು ನಡೆದರೆ ಹೆಜ್ಜೆ ಮೂಡುತ್ತಿರಲಿಲ್ಲ. ನಾನೇ ಬಗ್ಗಿ ನೋಡಿದ್ದೇನೆ. ಕೋಳಿಯದು ಮೂಡುತ್ತಿತ್ತು.

ಕೊನೆಗೊಂದು ದಿನ ಎನ್‌ಕ್ವೈರಿಗೆ ಪೊಲೀಸಿನವರೊಬ್ಬರು ಬಂದರು. ಓಬಳಮ್ಮ ಜಗಲಿಯ ಮೇಲೆ ಹಿಪ್ಪುನೇರಳೆ ಸೊಪ್ಪು ಬಿಡಿಸುತ್ತಿದ್ದಳು.

"ಮುನಿಗಂಗಪ್ಪ ಇದ್ದಾನೇನಮ್ಮ?"

"ಹೊರಟೋದ ಕಣಪ್ಪ."

"ಎಲ್ಲಿಗೆ?"

"ಕುವೈತ್ಗೆ."

"ಪಾಸ್‌ಪೋರ್ಟ್ ಇಲ್ದೇನೇ?"

"ಅದನ್ನ ನೀವೇ ಅಲ್ವೇನಪ್ಪಾ ಕೊಡ್ಬೇಕಾಗಿರೋದು?"

ಇದ್ದಾನೆ ಅಂದರೆ ಪ್ರಸ್ಥಾನ ಮುರಿದಂತೆ ಎಂದು ಅವಳ ಭಯ. ಮುನಿಗಂಗಪ್ಪ ನಮ್ಮ ಮನೆಯಿಂದ ಬೀದಿಗೆ ಓಡಿಬಂದ. "ಸಾರ್, ನಾನೇ ಸಾರ್!"

ಪೊಲೀಸಿನವರು ಅವನನ್ನು ಮೇಲಿಂದ ಕೆಳಗೆ ನೋಡಿದರು. "ಇವನು ನಿನ್ ಮಗನೇನಮ್ಮ?"

ಓಬಳಮ್ಮ ಸೊಪ್ಪಿನಿಂದ ಕಣ್ಣೆತ್ತಲಿಲ್ಲ. "ನನ್ ಮಗ ಹೊರಟೋಗವ್ನೆ."

"ಅಣ್ಣಾ, ನೀನಾದ್ರೂ ಹೇಳಣ್ಣಾ," ಎಂದು ಮುನಿಗಂಗಪ್ಪ ನನ್ನ ಕಡೆ ತಿರುಗಿದ. ಇವನೇ ಅವನು ಎಂದೆ.

"ಹೆತ್ತೋಳೇ ಅಲ್ಲ ಅಂತಾವ್ಳೆ. ನೀನ್ಯಾವನಯ್ಯ ಹೌದು ಅನ್ನಕ್ಕೆ? ಇನ್ನೊಬ್ರ ಹೆಸ್ರಲ್ಲಿ ದೇಶ ಬಿಡಕ್ಕೋಗೋರ್ನ ಏನ್ ಮಾಡ್ತಾರೆ ಗೊತ್ತಾ?" ಎಂದು ಬರೆದುಕೊಂಡು ಹೊರಟರು.

ಅಲ್ಲಿಂದ ಅರ್ಜಿ ಮೇಲೆಯೂ ಹೋಗಲಿಲ್ಲ, ಕೆಳಗೂ ಬರಲಿಲ್ಲ. ಮರುವಿಚಾರಣೆ ಅಂದರು; ಯಾರೂ ಬರಲಿಲ್ಲ. ಮುನಿಗಂಗಪ್ಪನ ಮಾತು ಕಡಿಮೆಯಾಯಿತು. ನನ್ನ ಹೆಂಡತಿ ಗಂಗುಲಮ್ಮ ಒಂದು ಸಂಜೆ ಅವನು ಕೂತಿದ್ದ ಜಾಗವನ್ನು ಗುಡಿಸಿಬಿಟ್ಟಳು, ಆಮೇಲೆ "ಅಯ್ಯೋ, ಇಲ್ಲೇ ಇದ್ದೀಯೇನಪ್ಪ?" ಅಂದಳು.

ಎರಡನೇ ಯುಗಾದಿ ಕಳೆದ ಮೇಲೆ ಅವನು ಟ್ರಂಕು ತಲೆಯ ಮೇಲಿಟ್ಟುಕೊಂಡ. "ಕುವೈತೂ ಬೇಡ, ಏನೂ ಬೇಡ ಕಣಣ್ಣಾ. ಅರ್ಜಿ ವಾಪಸ್ ತಗೊಂಡೆ. ಮನೇಗೋಗ್ತೀನಿ." ಜೊತೆಗೆ ನಾನೂ ಹೋದೆ.

ಅವನು ಮಲಗುತ್ತಿದ್ದ ಕೋಣೆಯ ತುಂಬ ರೇಷ್ಮೆಹುಳುವಿನ ತಟ್ಟೆಗಳಿದ್ದವು. ಓಬಳಮ್ಮ ಬಾಗಿಲಿಗೆ ಅಡ್ಡ ನಿಂತಳು.

"ಹುಳ ಸಾಕಿರೋ ಮನೆ ಕಣಪ್ಪ. ಹೊರಗಿನೋರು ಒಳಗೆ ಬರಬಾರ್ದು."

"ಅಮ್ಮಾ, ನಾನು."

ಹಿಂದೆ ನಿಂತಿದ್ದ ವರಲಕ್ಷ್ಮಮ್ಮ ಬಾಯಿ ತೆರೆದಳು. ಅತ್ತೆ ಒಮ್ಮೆ ತಿರುಗಿ ನೋಡಿದಳು. ಸೊಸೆ ಸೊಪ್ಪಿನ ಪುಟ್ಟಿ ಎತ್ತಿಕೊಂಡು ಒಳಗೆ ಹೋದಳು.

"ಬಿಸಿಲಲ್ಲಿ ಬಂದಿದ್ದೀಯ, ನೀರು ಕುಡೀತೀಯಾ?" ಓಬಳಮ್ಮನ ದನಿಯಲ್ಲಿ ನಿಜವಾದ ಕನಿಕರವಿತ್ತು. "ನನ್ ಮಗ ಬಂದ್ಮೇಲೆ ಹೇಳ್ತೀನಿ ಬಿಡು, ನೀನ್ ಬಂದಿದ್ದೆ ಅಂತ."

ಮುನಿಗಂಗಪ್ಪ ಟ್ರಂಕು ಇಳಿಸಿದ. ಜಗಲಿಯ ತುದಿಯಲ್ಲಿ, ನೆಂಟರು ಕೂರುವ ಹಾಗೆ, ಚಪ್ಪಲಿ ಬಿಟ್ಟು ಕೂತ. ನೀರು ಕುಡಿದು ಚೊಂಬು ಕೆಳಗಿಟ್ಟ.

"ಯಾವಾಗ ಬರ್ತಾನಂತಮ್ಮ ಅವನು?" ಎಂದು ಕೇಳಿದ.