ಕಾಲ್ಬೆರಳು ಮುಟ್ಟದವನು

“ನೋಡಪಾ, ನಿನ್ನ ಕೈ ಕಾಲ್ಬೆರಳ ಮುಟ್ಟೇ ಇಲ್ಲ,” ಎಂದು ಮ್ಯಾನೇಜರ್ ವಿಜಯಮಹಾಂತೇಶ ಮೊಬೈಲನ್ನು ಅಂಜಿನಪ್ಪನ ಮೂಗಿನ ಹತ್ತಿರ ಹಿಡಿದ. ವಿಡಿಯೋದಲ್ಲಿ ಬ್ಯಾಡಗಿಯ ಕೋಲ್ಡ್ ಸ್ಟೋರೇಜಿನ ಹಮಾಲರೆಲ್ಲ ಸಾಲಾಗಿ ಬಗ್ಗಿದ್ದರು. ಅಂಜಿನಪ್ಪನ ಕೈ ಮೊಣಕಾಲಿನಿಂದ ನಾಲ್ಕು ಬೆರಳು ಕೆಳಗಿಳಿದು ಅಲ್ಲೇ ನಿಂತಿತ್ತು. ಇಪ್ಪತ್ತೆರಡು ವರ್ಷ ಮೆಣಸಿನಕಾಯಿ ಚೀಲ ಹೊತ್ತ ಬೆನ್ನು ಅದಕ್ಕಿಂತ ಬಗ್ಗುವುದಾದರೂ ಹೇಗೆ?

ಈ ಬಗ್ಗಾಟ ಶುರುವಾದದ್ದು ಯುಗಾದಿಯ ಮೇಲೆ. ಚೀಲ ಎತ್ತುವ ಮುಂಚೆ ಮೈ ಸಡಿಲಿಸಿಕೊಳ್ಳುವುದನ್ನು ಹಾವೇರಿಯ ಫಿಜಿಯೋಥೆರಪಿ ಮೇಡಂ ಮಧು ಬಂದು ಕಲಿಸಿದ್ದರು. ಮುಂಜಾನೆಯ ಬಿಗಿತ ಹೋಗುತ್ತದೆ, ಕೈ ಎಷ್ಟು ಬರುತ್ತದೋ ಅಷ್ಟು ಸಾಕು, ಎಳೆದು ಮುಟ್ಟಬೇಡಿ ಎಂದಿದ್ದರು. ಇದರಿಂದ ಭಾರವೇನೂ ಕಡಿಮೆಯಾಗುವುದಿಲ್ಲ, ಒಂದರ ಮೇಲೊಂದು ಎಂಟು ಚೀಲಕ್ಕಿಂತ ಹೆಚ್ಚು ಒಟ್ಟಿಸಬೇಡಿ ಎಂದು ಮ್ಯಾನೇಜರಿಗೂ ಹೇಳಿದ್ದರು. ಬಗ್ಗುವುದಕ್ಕೆ ಖರ್ಚಿಲ್ಲವಲ್ಲ! ವಿಜಯಮಹಾಂತೇಶ ಅದೊಂದನ್ನು ಇಟ್ಟುಕೊಂಡು ಉಳಿದದ್ದನ್ನು ಗಾಳಿಗೆ ತೂರಿದ. ದಿನವೂ ವಿಡಿಯೋ ಮಾಡಿ ಮಾಲೀಕರಿಗೆ ಕಳಿಸಿ ಶಹಬ್ಬಾಸ್ ಎನಿಸಿಕೊಂಡ.

ಅಂಜಿನಪ್ಪ ಒಂದು ದಿನವೂ ತಪ್ಪಿಸಿರಲಿಲ್ಲ. ಚಿಕ್ಕ ವಯಸ್ಸಿನವರು ನಗಾಡಿದರೂ ಕಣ್ಣು ಮುಚ್ಚಿ ಇಪ್ಪತ್ತು ಎಣಿಸುತ್ತಿದ್ದ. ಎದ್ದಾಗ ಸೊಂಟ ನಿಜಕ್ಕೂ ಹಗುರಾಗುತ್ತಿತ್ತು. ಒಂದು ಮಂಗಳವಾರ ಹತ್ತು ಚೀಲದ ಒಟ್ಟಿಲಿನ ಮೇಲೆ ಹನ್ನೊಂದನೆಯದನ್ನು ಏರಿಸುವಾಗ ಅದೇ ಸೊಂಟ ಕಳಕ್ ಎಂದಿತು. ಹತ್ತು ದಿನ ಹಾಸಿಗೆ ಹಿಡಿದ. ಇನ್ನು ಚೀಲ ಮುಟ್ಟುವಂತಿಲ್ಲ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿಬಿಟ್ಟರು. ಕೆಲಸದಲ್ಲಿ ಪೆಟ್ಟಾದವರನ್ನು ಗೇಟಿನ ಕಾವಲಿಗೆ ಕೂರಿಸುವ ರೂಢಿಯಿತ್ತು. ಅದನ್ನೇ ಕೇಳಲು ಇವತ್ತು ಗೋಡೆ ಹಿಡಿದುಕೊಂಡು ಬಂದಿದ್ದ.

“ವ್ಯಾಯಾಮ ಬರೋಬ್ಬರಿ ಮಾಡಿಲ್ಲ ನೀನು. ತಪ್ಪು ನಿಂದ ಐತಿ. ಗೇಟಿನ ಮಾತು ಬಿಡು,” ಎಂದ ಮ್ಯಾನೇಜರ್.

ಹನ್ನೊಂದು ಚೀಲ ಒಟ್ಟಿಸಿದವರು ಯಾರು ಎಂದು ಅಂಜಿನಪ್ಪ ಕೇಳಿಯೇಬಿಟ್ಟ. ಎಂಟೇ ಇದ್ದವು ಎಂದು ಮ್ಯಾನೇಜರ್ ಕಣ್ಣು ಮಿಟುಕಿಸದೆ ಹೇಳಿದ. ಆ ಚೀಲಗಳು ಆಗಲೇ ಲಾರಿ ಹತ್ತಿ ಹೋಗಿದ್ದವು.

ಅಂಜಿನಪ್ಪ ಹೊರಗೆ ಬಂದಾಗ ಅಂಗಳದಲ್ಲಿ ಹಮಾಲರು ವ್ಯಾಯಾಮಕ್ಕೆ ಬಗ್ಗಿದ್ದರು. ಅಂದು ಕೆಳಗಿನಿಂದ ಚೀಲಕ್ಕೆ ಕೈ ಕೊಟ್ಟಿದ್ದ ಯಲ್ಲೇಶ ಮುಂದೆಯೇ ಇದ್ದ. ಹದಿನಾಲ್ಕು ವರ್ಷ ಅಂಜಿನಪ್ಪನ ಬುತ್ತಿಯಲ್ಲಿ ಪಾಲು ಉಂಡವನು.

“ಯಲ್ಲೇಶ, ಅವತ್ತ ಎಷ್ಟು ಚೀಲ ಇದ್ದೂ ಅಂತ ನೀನರ ಹೇಳೋ ತಮ್ಮಾ.”

ಮ್ಯಾನೇಜರ್ ಮೊಬೈಲ್ ಹಿಡಿದು ಹಿಂದೆಯೇ ಬಂದು ನಿಂತಿದ್ದ. ಹದಿನೆಂಟು, ಹತ್ತೊಂಬತ್ತು, ಇಪ್ಪತ್ತು ಎಂದು ಯಾರೋ ಎಣಿಕೆ ಮುಗಿಸಿದರು. ಉಳಿದವರೆಲ್ಲ ಎದ್ದು ನಿಂತರು. ಯಲ್ಲೇಶ ಮಾತ್ರ ಎರಡೂ ಕೈಯಿಂದ ಕಾಲ್ಬೆರಳು ಹಿಡಿದುಕೊಂಡು ಬಗ್ಗಿಯೇ ಇದ್ದ.