ದೇವರ ಪಾಲಿನ ಟಗರು

ನಾನು ಒಂದು ಟಗರು. ‘ಒಂದು’ ಎಂದದ್ದು ಬರೀ ವಿನಯಕ್ಕೆ. ನನ್ನಂಥ ಇನ್ನೊಂದನ್ನು ಗದಗ ಸೀಮೆಯಲ್ಲಿ ಯಾರಾದರೂ ತೋರಿಸಿದರೆ ಈ ಕೊಂಬುಗಳನ್ನು ಕಳಚಿ ಅವರ ಕೈಗೆ ಕೊಡುತ್ತೇನೆ. ನಾನು ಹುಟ್ಟಿ ನೆಲಕ್ಕೆ ಬಿದ್ದ ಸದ್ದಿಗೆ ಓಣಿಯ ಜನರೆಲ್ಲ ಲಾರಿಯ ಟೈರು ಸಿಡಿಯಿತೆಂದು ಹೊರಗೆ ಓಡಿ ಬಂದರು. ಹಾಗೇನೂ ಆಗಲಿಲ್ಲ ಎಂದು ನನ್ನ ಅವ್ವ, ಆ ಕರಿ ಕುರಿ, ಹೇಳುತ್ತಿದ್ದಳು. ಹೆತ್ತ ಆಯಾಸದಲ್ಲಿ ಅವಳಿಗೆ ಕೇಳಿಸಿರಲಿಕ್ಕಿಲ್ಲ.

ಹುಟ್ಟುವ ಮೊದಲೇ ನಾನು ದೇವರಿಗೆ ಸಲ್ಲಬೇಕಾದವನು. ನನ್ನ ಯಜಮಾನ ದಾನಿಯೇಲಪ್ಪ ನೇಕಾರ. ಭಾನುವಾರ ದೇವಾಲಯದಲ್ಲಿ, ಅಂದರೆ ನಮ್ಮೂರ ಚರ್ಚಿನಲ್ಲಿ, ಎದ್ದು ನಿಂತು ಸತ್ಯವೇದದ ಪಾಠ ಓದುವ ಸಭಾ ಹಿರಿಯ. ಅವನ ಹೆಂಡತಿ ಸುಗಂಧವ್ವ ವಿಷಮಜ್ವರದಲ್ಲಿ ಕಣ್ಣು ತೆರೆಯದೆ ಮಲಗಿದ್ದಾಗ ಅವನು ಮಗ್ಗದ ಪಕ್ಕ ಮೊಣಕಾಲೂರಿ, “ಕರ್ತನೇ, ಇಕೀನ್ನ ಉಳಿಸಪಾ. ನಮ್ಮ ಕುರಿ ಈಯೋ ಗಂಡುಮರಿ ನಿನ್ನ ಪಾಲು” ಎಂದು ಹರಕೆ ಹೊತ್ತಿದ್ದ. ಸುಗಂಧವ್ವ ಎದ್ದಳು. ನಾನು ಹುಟ್ಟಿದೆ. ನಮ್ಮೂರಿನ ಸಭೆಯವರು ಸುಗ್ಗಿ ಹಬ್ಬದ ದಿನ ತಾವು ಬೆಳೆದದ್ದನ್ನೂ ಸಾಕಿದ್ದನ್ನೂ ದೇವಾಲಯಕ್ಕೆ ತಂದು ಒಪ್ಪಿಸುತ್ತಾರೆ. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಅವುಗಳ ಹರಾಜು. ಆ ಸಾಲಿನಲ್ಲಿ ನಾನೂ ನಿಲ್ಲಬೇಕಿತ್ತು.

ಮೊದಲ ವರ್ಷ ದಾನಿಯೇಲಪ್ಪ ನನ್ನ ಬೆನ್ನು ಸವರಿ, “ಇನ್ನಾ ಎಳೀದೈತಿ. ದೇವರಿಗೆ ಕೊಡೂದಂದ್ರ ಮೈ ತುಂಬಿದ್ದ ಕೊಡಬೇಕು” ಎಂದ.

“ಮಾತು ಕೊಟ್ಟಾವ್ರು ನೀವು,” ಎಂದಳು ಸುಗಂಧವ್ವ.

ಮೈ ತುಂಬಿತು. ತಾಪತ್ರಯ ಶುರುವಾದದ್ದೇ ಅಲ್ಲಿಂದ. ಒಂದು ಸಂಜೆ ಓಣಿಯಲ್ಲಿ ನಿಂತಿದ್ದ ಚಕ್ಕಡಿಗೆ ಸುಮ್ಮನೆ ಆಟಕ್ಕೆ ಹಾಯ್ದೆ. ಅದು ಪಕ್ಕದ ತಾಲ್ಲೂಕಿನಲ್ಲಿ ಹೋಗಿ ನಿಂತಿತು. ನೋಡುತ್ತಿದ್ದ ದಾನಿಯೇಲಪ್ಪನ ಕಣ್ಣು ಹೊಳೆದವು. ನನಗೆ ಗುಡುಗ ಎಂದು ಹೆಸರಿಟ್ಟು ಟಗರಿನ ಕಾಳಗಕ್ಕೆ ಇಳಿಸಿಯೇ ಬಿಟ್ಟ. ನೆನೆಸಿದ ಹುರುಳಿ, ಹಸಿ ಮೊಟ್ಟೆ, ಹಾಲು ಎಲ್ಲ ನನಗೆ. ಸುಗಂಧವ್ವನಿಗೆ ಕರಿ ಚಹಾ. ಸತ್ಯವೇದದ ಮೇಲೆ ಧೂಳು, ನನ್ನ ಕೊಂಬಿನ ಮೇಲೆ ಕೊಬ್ಬರಿ ಎಣ್ಣೆ. ಹಲಗಿ ಬಾರಿಸಿದರೆ ತಲೆ ತಗ್ಗಿಸಿ ನುಗ್ಗಬೇಕು, ಇಷ್ಟೇ ನಾನು ಕಲಿತ ವಿದ್ಯೆ. ನನ್ನ ನೆರಳು ಕಂಡರೇ ಎದುರಾಳಿಗಳು ಹಿಂದೆ ತಿರುಗಿ ತಮ್ಮ ಊರಿನ ಬಸ್ಸು ಹತ್ತುತ್ತಿದ್ದರು.

ಕಾಳಗ ನಡೆಯುತ್ತಿದ್ದದ್ದು ಭಾನುವಾರ.

“ಮೈಯಾಗ ಆರಾಮಿಲ್ಲಂತ ಅಯ್ಯನವರಿಗೆ ಹೇಳಿಬಿಡು,” ಎನ್ನುತ್ತಿದ್ದ ದಾನಿಯೇಲಪ್ಪ ಹೆಂಡತಿಗೆ. ಅಯ್ಯನವರೆಂದರೆ ನಮ್ಮ ಸಭಾಪಾಲಕರು.

“ಹೇಳ್ತೀನಿ. ಟಗರಿನ ಬ್ಯಾನಿ ಹತ್ತೇತಿ ಅಂತ ಹೇಳ್ತೀನಿ.”

ಕಣದ ಅಂಚಿನಲ್ಲಿ ನಿಂತು ಅವನು ಕಣ್ಣು ಮುಚ್ಚಿ, “ಕರ್ತನೇ, ಇವನ ಕೊಂಬಿಗೆ ಬಲ ಕೊಡು” ಎಂದು ಪ್ರಾರ್ಥಿಸುತ್ತಿದ್ದ. ದೇವರ ಟಗರನ್ನು ದೇವರಿಗೆ ಕೊಡದೆ, ಅದನ್ನು ಗೆಲ್ಲಿಸು ಎಂದು ದೇವರನ್ನೇ ಕೇಳುವ ಧೈರ್ಯ ನನಗೂ ಇರಲಿಲ್ಲ, ಹುಲಿಯನ್ನೇ ಹಾಯ್ದವನು ನಾನು.

ಎರಡನೆಯ ಸುಗ್ಗಿ ಹಬ್ಬ ಬಂತು. ದಾನಿಯೇಲಪ್ಪ ಸಂತೆಯಿಂದ ಕುಂಟುವ ಟಗರೊಂದನ್ನು ಹಿಡಿದು ತಂದ. “ಟಗರು ಅಂದೆ, ಟಗರು ಕೊಟ್ಟೆ. ದೇವರಿಗೇನು ಕಾಳಗ ಆಡ್ಸೂದೈತೇನು?”

ಸುಗಂಧವ್ವ ಆ ಬಡಪಾಯಿಯ ಕಾಲು ನೋಡಿ, “ನಾ ಜ್ವರದಾಗ ಬಿದ್ದಾಗ ದೇವರು ನನಗ ಅರ್ಧಾ ಜೀವ ಕೊಟ್ಟಿದ್ದಿಲ್ಲ ಬಿಡ್ರಿ,” ಎಂದಳು. ಅವನು ನನ್ನನ್ನು ಮಗ್ಗದ ಕೋಣೆಯಲ್ಲಿ ಕಟ್ಟಿ, ಕದ ಹಾಕಿ, ಕುಂಟನನ್ನು ಎಳೆದುಕೊಂಡು ಹೋದ.

ಆದರೆ ಕಾಣಿಕೆಯ ಮೆರವಣಿಗೆಗೆ ಹಲಗಿಯವರನ್ನು ಕರೆಸಿದ್ದಾರೆಂಬುದನ್ನು ಅವನು ಮರೆತಿದ್ದ. ನನ್ನಂಥ ಟಗರನ್ನು ಬಚ್ಚಿಡುವವನು ಮಾಡಬಾರದ ತಪ್ಪು ಅದು. ಓಣಿಯಲ್ಲಿ ಹಲಗಿ ಬಾರಿಸಿದ್ದೇ ತಡ ಗೂಟ ಕಿತ್ತೆ. ಕದ ಮುರಿದೆ. ನಡುವೆ ಏಳು ಗೋಡೆ ಬಿದ್ದವು. (ಸುಗಂಧವ್ವ ಒಂದೇ ಎನ್ನುತ್ತಾಳೆ, ಅದೂ ತಟ್ಟಿಯದಂತೆ.) ಅಷ್ಟರಲ್ಲಿ ಹಲಗಿ ನಿಂತಿತ್ತು, ಯಜಮಾನನ ಕೈಯ ಎಣ್ಣೆಯ ವಾಸನೆ ಹಿಡಿದು ದೇವಾಲಯದೊಳಕ್ಕೇ ನುಗ್ಗಿದೆ.

ದಾನಿಯೇಲಪ್ಪ ಎದ್ದು ನಿಂತು ಪಾಠ ಓದುತ್ತಿದ್ದ. ದೇವರಿಗೆ ಸಲ್ಲಬೇಕಾದ ಒಳ್ಳೊಳ್ಳೆಯ ಕುರಿಗಳನ್ನು ತನಗೇ ಉಳಿಸಿಕೊಂಡು, ಹೇಳಿದ್ದೆಲ್ಲ ಮಾಡಿದ್ದೇನೆ ಎಂದು ಪ್ರವಾದಿಗೆ ಹೇಳಿದ ಅರಸನೊಬ್ಬನ ಕಥೆ ಅದು. ಅಯ್ಯನವರಿಗೆ ಹೇಳಿ ಆ ಪಾಠವನ್ನು ಆ ದಿನಕ್ಕೆ ಇಡಿಸಿದವಳು ಸುಗಂಧವ್ವ. ಹಾಗಾದರೆ ಕುರಿಗಳ ಕೂಗು ಕೇಳುತ್ತಿದೆಯಲ್ಲ ಎಂದು ಪ್ರವಾದಿ ಕೇಳುವಲ್ಲಿಗೆ ಅವನ ಬೆರಳು ಬಂದಿತ್ತು. ಅವನನ್ನು ಕಂಡ ಸಂತೋಷಕ್ಕೆ ನಾನು “ಮ್ಯಾ” ಎಂದೆ.

ಹೆಂಚು ಹಾರಿಹೋದವು ಎಂದರೆ ನೀವು ನಂಬುವುದಿಲ್ಲ, ಬಿಡಿ. ಒಳಗೆ ಕೂತವರೆಲ್ಲ ನನ್ನನ್ನೊಮ್ಮೆ, ಯಜಮಾನನನ್ನೊಮ್ಮೆ ನೋಡಿದರು.

“ಮುಂದ ಓದ್ರಿ, ದಾನಿಯೇಲಪ್ಪನವರ,” ಎಂದರು ಅಯ್ಯನವರು ಮೆಲ್ಲಗೆ.

ಅವನು ಕನ್ನಡಕ ತೆಗೆದ. “ಮುಂದಿಂದು ನನಗ ಗೊತ್ತೈತ್ರಿ, ಅಯ್ಯಾ. ಈ ಟಗರು ನಂದಲ್ಲ. ಇದು ಮೊದಲಿಂದನೂ ದೇವರದು. ನಾನ ಕಟ್ಟಿಕೊಂಡು ಕುಂತಿದ್ದೆ.” ನನ್ನ ಕೊಂಬು ಹಿಡಿದು ಮುಂದಕ್ಕೆ ನಡೆಸಿದ.

ಹರಾಜಿನಲ್ಲಿ ಎಲ್ಲರ ಕಣ್ಣೂ ಅವನ ಮೇಲೆ. ಅವನೇ ಕೂಗಿ ಬಿಡಿಸಿಕೊಳ್ಳುತ್ತಾನೆಂದು ಜನ ಕಾದರು. ಹಿಂದಿನ ಸಾಲಿನಲ್ಲಿ ಯಾರೋ ಬಿರಿಯಾನಿಯ ಮಾತಾಡಿದರು. ನಾನು ದಾನಿಯೇಲಪ್ಪನ ಕಡೆಗೆ ಒಂದು ಹೆಜ್ಜೆ ಸರಿದೆ, ಹೆದರಿಕೆಗಲ್ಲ, ನೆರಳಿಗೆ. ದಾನಿಯೇಲಪ್ಪ ಎರಡೂ ಕೈಗಳನ್ನು ತೊಡೆಯ ಕೆಳಗಿಟ್ಟು ಕುಳಿತಿದ್ದ.

“ಬೇಕಾದ್ರ ತಗೋರಿ,” ಎಂದಳು ಸುಗಂಧವ್ವ, ಈಗ ಅವಳ ದನಿಯಲ್ಲಿ ಕೊಂಕು ಇರಲಿಲ್ಲ.

“ಬ್ಯಾಡ. ತಗೊಂಡ್ರ ಮತ್ತ ನಂದ ಆಗ್ತೈತಿ.”

ಅವಳು ಅವನ ಮುಖವನ್ನೇ ನೋಡಿದಳು. ಆಮೇಲೆ ಸೆರಗು ಬಿಗಿದು ಎದ್ದು ನಿಂತಳು. “ನಾವು ಸಭೆಯ ಹೆಣ್ಮಕ್ಕಳು ಕೂಡಿ ಸವಾಲು ಹಿಡೀತೀವ್ರಿ. ಇದು ದೇವಾಲಯದ ಹಿಂದನ ಇರಲಿ. ಇದರ ಮರಿ ಏನೂ ಇಲ್ಲದವರ ಮನಿಗೆ ಹೋಗಲಿ.” ಹೆಂಗಸರೆಲ್ಲ ಒಟ್ಟಿಗೆ ಕೂಗಿದ ದನಿಗೆ ಬಿರಿಯಾನಿಯವರು ಬಾಯಿ ಮುಚ್ಚಿದರು.

ಈಗ ನನಗೆ ವಯಸ್ಸಾಗಿದೆ. ದೇವಾಲಯದ ಹಿಂದಿನ ಬೇವಿನ ನೆರಳೇ ನನ್ನ ಮನೆ. ಇಲ್ಲಿಂದ ಸಮುದ್ರದವರೆಗಿನ ಕುರಿಗಳೆಲ್ಲ ನನ್ನ ಮಕ್ಕಳು ಮೊಮ್ಮಕ್ಕಳು. ಸುಗ್ಗಿ ಹಬ್ಬದ ಹಲಗಿ ಕೇಳಿದರೆ ತಲೆ ಇನ್ನೂ ತಾನಾಗಿಯೇ ತಗ್ಗುತ್ತದೆ. ಹಳೆಯ ಚಾಳಿ ಅಷ್ಟು ಸುಲಭಕ್ಕೆ ಬಿಡುತ್ತದೆಯೇ.

ಭಾನುವಾರ ಗೇಟಿನಲ್ಲಿ ದಾನಿಯೇಲಪ್ಪನ ಚಪ್ಪಲಿಯ ಸದ್ದು ಕೇಳಿದ ಕೂಡಲೇ ಕೂಗುತ್ತೇನೆ. ಅವನ ಹೆಜ್ಜೆ ಒಂದು ಕ್ಷಣ ತಡೆಯುತ್ತದೆ. ಆಮೇಲೆ ಅವನು ನೇರವಾಗಿ ಒಳಗೆ ಹೋಗುತ್ತಾನೆ. ಹಾಡು ಮುಗಿದು, ಪಾಠ ಓದಿ, ಕೊನೆಯ ಆಶೀರ್ವಾದವೂ ಆದ ಮೇಲೆಯೇ ನನ್ನ ಹತ್ತಿರ ಬರುತ್ತಾನೆ. ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಹಲ್ಲು ಹೋದ ನನಗಾಗಿ ಮೆತ್ತಗೆ ಬೇಯಿಸಿದ ಹುರುಳಿಯನ್ನು ಅಂಗೈಯಲ್ಲಿ ಹಿಡಿಯುತ್ತಾನೆ. ಎರಡನೆಯ ಸ್ಥಾನವೆಂದರೆ ಏನೆಂದೇ ಗೊತ್ತಿರದಿದ್ದ ನಾನು ಈಗ ವಾರವಿಡೀ ಅದನ್ನೇ ಕಾಯುತ್ತೇನೆ. ಎಲ್ಲಕ್ಕೂ ಮೊದಲು ನಾನೇ ಆಗಿದ್ದ ದಿನಗಳಲ್ಲಿ ತಿಂದ ಹುರುಳಿಗಿಂತ ಇದು ರುಚಿ.

ಇದೊಂದನ್ನು ಮಾತ್ರ ನಾನು ಹೆಚ್ಚಿಸಿ ಹೇಳುತ್ತಿಲ್ಲ.